ಮಗುವಿನ ಕೀಲಲ್ಲಿ ಕೀವು: ಒಂದು ಮಗುವಿಗೆ ಸಿರಪ್, ಪಕ್ಕದ ಬೆಡ್ ಕೂಸಿಗೆ ತಿಂಗಳಿಡೀ ಇಂಜೆಕ್ಷನ್. ಯಾಕೆ ಹೀಗೆ?

ಜಗಳೂರು ಚಿಕ್ಕಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗನಿಗೆ ಎರಡು ವರ್ಷ ತುಂಬಿದೆ. ಬಲಗಡೆ ಸೊಂಟದ ಕೀಲಿನಲ್ಲಿ ಕೀವು ತುಂಬಿತ್ತು. ದಾವಣಗೆರೆಯಲ್ಲಿ ಆಪರೇಷನ್ ಮಾಡಿ ಕೀಲು ತೊಳೆದಿದ್ದಾರೆ. ಜ್ವರ ಇಳಿದಿದೆ, ಬಿಸ್ಕತ್ತು ಬೇಕು ಅಂತ ಹಟ ಮಾಡುವಷ್ಟು ಗೆಲುವಾಗಿದ್ದಾನೆ. ಈಗ ಡ್ರಿಪ್ ನಿಲ್ಲಿಸಿ ಬಾಯಿಗೆ ಔಷಧಿ ಕೊಟ್ಟು ಮನೆಗೆ ಕಳಿಸುತ್ತೇವೆ ಅನ್ನುತ್ತಿದ್ದಾರೆ. ನಮಗೆ ಗಾಬರಿ. ಪಕ್ಕದ ಬೆಡ್‌ನಲ್ಲಿರುವ ಹಸುಗೂಸಿಗೂ ಇದೇ ಕಾಯಿಲೆ. ಅದಕ್ಕೆ ತಿಂಗಳ ಮೇಲೂ ಇಂಜೆಕ್ಷನ್ ಅಂತೆ. ನಮ್ಮ ಭಾವನವರ ಪ್ರಕಾರ, ಆಯುಷ್ಮಾನ್ ಕಾರ್ಡ್‌ನವರು ಅಂತ ಬೇಗ ಸಾಗಹಾಕುತ್ತಿದ್ದಾರೆ. ಹಾಗಿರಬಹುದಾ? ತಿಳಿದವರು ಹೇಳಿ.

ಮಕ್ಕಳ ವಾರ್ಡ್ ಸಿಸ್ಟರ್

ತಂಗಿ, ಗಾಬರಿ ಬೇಡ. ಮೊದಲು ಇಷ್ಟು ಹೇಳಿ. ಸಿಆರ್‌ಪಿ, ಅಂದರೆ ಸೋಂಕಿನ ಜೋರು ತೋರಿಸುವ ರಕ್ತ ಪರೀಕ್ಷೆ, ಆಪರೇಷನ್ ದಿನ ಎಷ್ಟಿತ್ತು, ಈಗ ಎಷ್ಟಿದೆ? ಕೀವಿನ ಕಲ್ಚರ್‌ನಲ್ಲಿ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಏನು ಬಂತು? ಆ ಪಕ್ಕದ ಕೂಸಿಗೆ ವಯಸ್ಸೆಷ್ಟು?

ಕಾರ್ಡ್ ಬಗ್ಗೆ ಒಂದು ಮಾತು. ವಾಸಿಯಾಗುತ್ತಿರುವ ಮಗು ವಾರ್ಡ್‌ನಲ್ಲಿ ಸುಮ್ನೆ ಉಳಿದರೆ ನಮಗೇ ಭಯ. ಕೈಗೆ ಹಾಕಿದ ಕ್ಯಾನುಲಾ ಊದಿಕೊಳ್ಳುತ್ತದೆ. ಮತ್ತೆ ಚುಚ್ಚಬೇಕು. ಪಕ್ಕದ ಮಗುವಿನ ಭೇದಿಯೋ ಕೆಮ್ಮೋ ಅಂಟಿಕೊಳ್ಳುತ್ತದೆ. ಬೇಗ ಕಳಿಸುವುದೆಲ್ಲ ದುಡ್ಡಿನ ಲೆಕ್ಕ ಅಲ್ಲ.

ಜಗಳೂರು ಚಿಕ್ಕಮ್ಮ

ಸಿಆರ್‌ಪಿ 118 ಇತ್ತು ಸಿಸ್ಟರ್. ಇವತ್ತು 24 ಅಂತ ಬರೆದಿದ್ದಾರೆ. ಕಲ್ಚರ್‌ನಲ್ಲಿ ಸ್ಟ್ಯಾಫಿಲೋಕಾಕಸ್, ಪಕ್ಕದಲ್ಲಿ ಎಂಎಸ್‌ಎಸ್‌ಎ ಅಂತ ಇದೆ. ಆ ಕೂಸು ಹುಟ್ಟಿ ಇನ್ನೂ ತಿಂಗಳಾಗಿಲ್ಲ. ತೂಕ ಕಡಿಮೆ ಇತ್ತು ಅಂತ ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ಐಸಿಯುನಲ್ಲಿ, ಇಟ್ಟಿದ್ದರಂತೆ.

ಹರಿಹರದ ಅಜ್ಜ

ನಮ್ಮ ಕಾಲದಲ್ಲಿ ಮಗು ಕುಂಟಿದರೆ ಉಳುಕು ತೆಗೆಸುತ್ತಿದ್ದೆವು. ಹರಳೆಣ್ಣೆ ಬೆಚ್ಚಗೆ ಮಾಡಿ ನೀವಿ, ಎಕ್ಕದ ಎಲೆ ಕಾಯಿಸಿ ಕಟ್ಟಿದರೆ ನಾಲ್ಕೈದು ದಿನಕ್ಕೆ ಎದ್ದು ಓಡುತ್ತಿತ್ತು. ಈಗ ಕುಂಟಿದರೆ ಸಾಕು, ಆಪರೇಷನ್. ಜಗಳಕ್ಕೆ ಹೇಳುತ್ತಿಲ್ಲ. ನಿಜವಾಗಿ ಕೇಳುತ್ತಿದ್ದೇನೆ, ಆಗ ಹೇಗೆ ವಾಸಿಯಾಗುತ್ತಿತ್ತು?

ಕೋಟೆ ಊರಿನ ಮೂಳೆ ಡಾಕ್ಟರ್

ಅಜ್ಜಾರೇ, ಒಳ್ಳೆಯ ಪ್ರಶ್ನೆ. ನಿಮ್ಮದಕ್ಕೇ ಮೊದಲು ಉತ್ತರ.

ಚಿಕ್ಕ ಮಕ್ಕಳು ಇದ್ದಕ್ಕಿದ್ದಂತೆ ಕುಂಟಲು ತುಂಬಾ ಸಾಮಾನ್ಯ ಕಾರಣ ಕೀವಲ್ಲ. ಮೂರರಿಂದ ಹತ್ತು ವರ್ಷದೊಳಗಿನ ಮಕ್ಕಳಿಗೆ ನೆಗಡಿ, ಗಂಟಲುನೋವು ಬಂದು ಹೋದ ಮೇಲೆ ಸೊಂಟದ ಕೀಲಿನಲ್ಲಿ ಸ್ವಲ್ಪ ನೀರು ತುಂಬಿಕೊಳ್ಳುತ್ತದೆ. ನಾವು ಟ್ರಾನ್ಸಿಯೆಂಟ್ ಸೈನೋವೈಟಿಸ್ ಅನ್ನುತ್ತೇವೆ. ಮಗು ಕುಂಟುತ್ತದೆ. ಆದರೆ ಜ್ವರ ಇರುವುದಿಲ್ಲ, ಇದ್ದರೂ ಅಲ್ಪ. ಆಟ ಊಟ ನಡೆದಿರುತ್ತದೆ. ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಎಣ್ಣೆ ನೀವಿದರೂ ಹೋಗುತ್ತದೆ, ನೀವದಿದ್ದರೂ ಹೋಗುತ್ತದೆ. ಉಳುಕು ತೆಗೆಯುವವರಿಗೆ ಹೆಸರು ಬಂದಿದ್ದು ಈ ಮಕ್ಕಳಿಂದ. ಕೀವು ತುಂಬಿದ ಮಕ್ಕಳೂ ಆಗ ಇದ್ದರು. ಅವರಲ್ಲಿ ಬದುಕಿದವರು ಜೀವನಪೂರ್ತಿ ಒಂದು ಕಾಲು ಗಿಡ್ಡ ಮಾಡಿಕೊಂಡು ನಡೆದರು. ನಿಮ್ಮ ಊರಲ್ಲೂ ಅಂಥವರೊಬ್ಬರನ್ನು ನೀವು ನೋಡಿರುತ್ತೀರಿ.

ಎರಡನ್ನೂ ಬೇರೆ ಮಾಡುವುದೇ ನಮ್ಮ ಕೆಲಸ. 1999ರಲ್ಲಿ ಬೋಸ್ಟನ್‌ನ ವೈದ್ಯರು ನಾಲ್ಕು ಗುರುತು ಹೇಳಿದರು. 38.5 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಅಂದರೆ ಫ್ಯಾರನ್‌ಹೀಟ್‌ನಲ್ಲಿ 101.3. ಕಾಲು ಊರಲೇ ಆಗದಿರುವುದು. ಸೋಂಕು, ಉರಿಯೂತ ಇದ್ದರೆ ಏರುವ ಇಎಸ್‌ಆರ್ ಅನ್ನುವ ರಕ್ತ ಪರೀಕ್ಷೆ 40 ದಾಟಿರುವುದು. ಬಿಳಿ ರಕ್ತಕಣ 12,000 ದಾಟಿರುವುದು. ನಾಲ್ಕೂ ಇದ್ದರೆ ಅವರ ಲೆಕ್ಕದಲ್ಲಿ ಕೀವು ಬಹುತೇಕ ಖಚಿತ. ಬೇರೆ ಆಸ್ಪತ್ರೆಗಳಲ್ಲಿ ನೋಡಿದಾಗ ಅಷ್ಟು ಕರಾರುವಾಕ್ಕಾಗಿ ಬರಲಿಲ್ಲ. 2006ರಲ್ಲಿ ಇನ್ನೊಂದು ತಂಡ ಸಿಆರ್‌ಪಿ 20 ದಾಟಿರುವುದನ್ನೂ ಸೇರಿಸಿತು. ನಾನಂತೂ ಅಂಕಿ ನೋಡುವ ಮೊದಲು ಮಗುವನ್ನು ನೋಡುತ್ತೇನೆ. ತೊಡೆ ಮಡಚಿ ಹೊರಕ್ಕೆ ಚೆಲ್ಲಿ ಮಲಗಿದೆಯಾ? ಕಾಲು ಮುಟ್ಟಲು ಹೋದರೆ ಚೀರುತ್ತದೆಯಾ? ಹಾಗಿದ್ದರೆ ಅವತ್ತೇ ಅಲ್ಟ್ರಾಸೌಂಡ್, ಕೀಲಿನಲ್ಲಿ ನೀರು ಕಂಡರೆ ಸೂಜಿ ಹಾಕಿ ತೆಗೆದು ನೋಡುವುದು. ಎಕ್ಸ್‌ರೇ ನಾರ್ಮಲ್ ಬಂತು ಅಂತ ನಂಬಿ ಕೂರಬಾರದು. ಮೊದಮೊದಲು ಅದರಲ್ಲಿ ಏನೂ ಕಾಣದೆ ಇರಬಹುದು.

ಅವಸರ ಯಾಕೆ ಅಂದರೆ, ಸೊಂಟದ ಕೀಲು ಆಳದಲ್ಲಿರುವ ಬಿಗಿಯಾದ ಚೀಲ. ಒಳಗೆ ಕೀವು ತುಂಬಿದಂತೆ ಒತ್ತಡ ಏರುತ್ತದೆ. ತೊಡೆಮೂಳೆಯ ತಲೆಗೆ ರಕ್ತ ಒಯ್ಯುವ ಸಣ್ಣ ನಾಳಗಳು ಅದುಮಿಹೋಗುತ್ತವೆ. ಕೀವಿನಲ್ಲಿರುವ ರಸಗಳು ಮೃದ್ವಸ್ಥಿಯನ್ನೂ ತಿನ್ನುತ್ತವೆ. ತಿಂದಿದ್ದು ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ. ಅದಕ್ಕೇ ಸೊಂಟದ ಕೀಲಿನ ಕೀವು ಅಂದರೆ ರಾತ್ರಿಯಾದರೂ ಥಿಯೇಟರ್ ತೆರೆಸುತ್ತೇವೆ.

ಇನ್ನು ಚಿಕ್ಕಮ್ಮನವರ ಪ್ರಶ್ನೆ. ಸಂಜೆ ಓಪಿಡಿ ಮುಗಿಸಿ ಬರೆಯುತ್ತೇನೆ.

ಲ್ಯಾಬ್ ಹುಡುಗ, ದಾವಣಗೆರೆ

ಡಾಕ್ಟರ್ ಬರುವ ತನಕ ನನ್ನದೊಂದು ಗೋಳು. ಕೀಲಿನ ನೀರು ಲ್ಯಾಬಿಗೆ ಬರುವ ಹೊತ್ತಿಗೆ ಎಷ್ಟೋ ಮಕ್ಕಳಿಗೆ ಊರಿನ ಕ್ಲಿನಿಕ್‌ನಲ್ಲಿ ಆ್ಯಂಟಿಬಯೋಟಿಕ್ ಬಿದ್ದಿರುತ್ತದೆ. ಜ್ವರಕ್ಕೆ ಅಂತ ಒಂದು ಇಂಜೆಕ್ಷನ್, ಅರ್ಧ ಬಾಟಲಿ ಸಿರಪ್. ಕೀವು ಹಾಗೇ ಇರುತ್ತದೆ, ಆದರೆ ಪ್ಲೇಟ್ ಮೇಲೆ ಏನೂ ಬೆಳೆಯುವುದಿಲ್ಲ. ರೋಗಾಣು ಯಾವುದು ಅಂತ ಗೊತ್ತಾಗದೆ ಡಾಕ್ಟರ್ ಊಹೆಯ ಮೇಲೆ ಔಷಧಿ ಕೊಡಬೇಕಾಗುತ್ತದೆ. ಹಾಗಾಗಿ ಜ್ವರದ ಜೊತೆ ಕೈಯೋ ಕಾಲೋ ಆಡಿಸುತ್ತಿಲ್ಲ ಅಂದರೆ ಮೆಡಿಕಲ್ ಶಾಪಿಗೆ ಹೋಗಬೇಡಿ, ದೊಡ್ಡ ಆಸ್ಪತ್ರೆಗೆ ಬನ್ನಿ. ಏನಾದರೂ ಕೊಟ್ಟಾಗಿದ್ದರೆ ಮುಚ್ಚಿಡಬೇಡಿ, ಬಾಟಲಿ ತಂದು ತೋರಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟರೆ ಕಲ್ಚರ್‌ಗೆ ತೊಂದರೆ ಇಲ್ಲ.

ಇನ್ನೊಂದು. ಆರು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಕಿಂಗೆಲ್ಲಾ ಅನ್ನುವ ರೋಗಾಣು ಇರುತ್ತದೆ. ಮಾಮೂಲಿ ಪ್ಲೇಟ್ ಮೇಲೆ ಅದು ಸರಿಯಾಗಿ ಬೆಳೆಯುವುದಿಲ್ಲ. ಕೀಲಿನ ನೀರನ್ನು ಬ್ಲಡ್ ಕಲ್ಚರ್ ಬಾಟಲಿಗೂ ಸ್ವಲ್ಪ ಹಾಕಿ ಕಳಿಸಿದರೆ ಸಿಗುವ ಸಾಧ್ಯತೆ ಜಾಸ್ತಿ. ಇದನ್ನು ಓದುತ್ತಿರುವ ಪಿಜಿ ಡಾಕ್ಟರುಗಳು ದಯವಿಟ್ಟು ಗಮನಿಸಿ 🙏

ಚಳ್ಳಕೆರೆ ಅಮ್ಮ

ಆ ಪಕ್ಕದ ಬೆಡ್ ತಾಯಿಗೆ ನನ್ನ ಮಾತು ತಲುಪಿಸಿ ತಂಗಿ. ನನ್ನ ಮಗಳಿಗೂ ಹುಟ್ಟಿದ ಹೊಸದರಲ್ಲೇ ಆಗಿತ್ತು. ಅವಳೂ ಎನ್‌ಐಸಿಯು ಮಗು. ಜ್ವರ ಅಂತ ಏನೂ ಇರಲಿಲ್ಲ. ಎಡಗಾಲು ಮಾತ್ರ ಆಡಿಸುತ್ತಿರಲಿಲ್ಲ, ಲಂಗೋಟಿ ಬದಲಿಸುವಾಗ ಕಿರುಚುತ್ತಿದ್ದಳು. ನಮ್ಮ ಅತ್ತೆ ಸ್ನಾನ ಮಾಡಿಸುವಾಗ ಗಮನಿಸಿ, ಎಣ್ಣೆ ಬಟ್ಟಲು ಕೆಳಗಿಟ್ಟು, ಇವತ್ತೇ ಡಾಕ್ಟರ್ ಹತ್ತಿರ ಹೋಗೋಣ ಅಂದರು. ಮನೆಯ ಹಿರಿಯರೆಲ್ಲ ಉಳುಕು ಅಂತಲೇ ಹೇಳುತ್ತಾರೆ ಅನ್ನುವವರಿಗೆ ಇದನ್ನು ಹೇಳಬೇಕು ಅನಿಸಿತು.

ಇಂಜೆಕ್ಷನ್ ಕೋರ್ಸ್ ಉದ್ದ ಇತ್ತು. ಈಗ ಶಾಲೆಗೆ ಹೋಗುತ್ತಾಳೆ. ಎಡಗಾಲು ಸ್ವಲ್ಪ ಗಿಡ್ಡ. ಚಪ್ಪಲಿ ಒಳಗೆ ಒಂದು ಪದರ ಏರಿಸಿ ಕೊಟ್ಟಿದ್ದಾರೆ. ಖೋಖೋ ಆಡುತ್ತಾಳೆ.

ಹೊಸದುರ್ಗದ ಆಶಾ

ಅಕ್ಕ, ನಿಮ್ಮ ಅತ್ತೆಗೆ ಕೈಮುಗಿಯಬೇಕು. ನಾವು ಬಾಣಂತಿ ಮನೆಗೆ ಹೋದಾಗ ಉಸಿರು, ಹಾಲು ಕುಡಿಯುವುದು, ಹೊಕ್ಕುಳು ಎಲ್ಲ ಕೇಳುತ್ತೇವೆ. ಇನ್ನು ಮೇಲೆ ಕೈಕಾಲು ಎರಡೂ ಕಡೆ ಸಮ ಆಡಿಸುತ್ತಾ ಅಂತಲೂ ಕೇಳುತ್ತೇನೆ.

ಒಂದು ಅನುಮಾನ. ಒಂದೂವರೆ ತಿಂಗಳಿಗೆ ಪೆಂಟಾ ಲಸಿಕೆ ಹಾಕಿದ ದಿನ ಮಕ್ಕಳು ತೊಡೆ ಮುಟ್ಟಿಸಿಕೊಳ್ಳುವುದಿಲ್ಲ, ಜ್ವರವೂ ಬರುತ್ತದೆ. ಕೀವಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ?

ಮಕ್ಕಳ ವಾರ್ಡ್ ಸಿಸ್ಟರ್

ಪೆಂಟಾ ನೋವು ಎಡ ತೊಡೆಯಲ್ಲಿ, ಸೂಜಿ ಹಾಕಿದ ಜಾಗದಲ್ಲೇ. ಒಂದೆರಡು ದಿನಕ್ಕೆ ಕಡಿಮೆಯಾಗುತ್ತಾ ಬರುತ್ತದೆ. ಕಡಿಮೆಯಾಗದೆ ಜಾಸ್ತಿಯಾದರೆ, ಸೂಜಿ ಹಾಕದ ಕಡೆ ಕಾಲು ಆಡಿಸದಿದ್ದರೆ, ಹಾಲು ಬಿಟ್ಟರೆ, ಮಂಕಾದರೆ ತೋರಿಸಲೇಬೇಕು. ಮತ್ತೆ ಈ ಹೆದರಿಕೆಗೆ ಲಸಿಕೆ ತಪ್ಪಿಸುವವರು ಇದ್ದಾರೆ, ಅವರಿಗೆ ಹೇಳಿ. ಹಿಬ್ ಅನ್ನುವ ರೋಗಾಣು ಹಿಂದೆ ಚಿಕ್ಕ ಮಕ್ಕಳ ಕೀಲು ಕೀವಿಗೆ ದೊಡ್ಡ ಕಾರಣ. ಲಸಿಕೆ ಬಂದ ದೇಶಗಳಲ್ಲೆಲ್ಲ ಅದು ಹೆಚ್ಚುಕಡಿಮೆ ಮಾಯ. 6, 10, 14ನೇ ವಾರದ ಪೆಂಟಾದಲ್ಲಿ ಹಿಬ್ ಲಸಿಕೆಯೂ ಸೇರಿದೆ.

ಕೋಟೆ ಊರಿನ ಮೂಳೆ ಡಾಕ್ಟರ್

ಬಂದೆ. ಚಿಕ್ಕಮ್ಮನವರೇ, ನಿಮ್ಮ ಮಗುವಿಗೂ ಪಕ್ಕದ ಕೂಸಿಗೂ ಕಾಯಿಲೆಯ ಹೆಸರು ಒಂದೇ. ಹೋಲಿಕೆ ಅಷ್ಟಕ್ಕೇ ಮುಗಿಯಿತು.

ಮೂಳೆ ಉದ್ದ ಬೆಳೆಯುವುದು ಅದರ ತುದಿಯ ಹತ್ತಿರ ಇರುವ ಬೆಳವಣಿಗೆ ಪಟ್ಟಿಯಲ್ಲಿ. ಹಸುಗೂಸಿನಲ್ಲಿ ಆ ಪಟ್ಟಿಯನ್ನು ದಾಟಿ ರಕ್ತನಾಳಗಳು ಹೋಗಿರುತ್ತವೆ. ಸುಮಾರು ಒಂದೂವರೆ ವರ್ಷದ ತನಕ ಹಾಗೆ. ಹಾಗಾಗಿ ಮೂಳೆಯ ಸೋಂಕು ಕೀಲಿಗೆ ಸಲೀಸಾಗಿ ನುಗ್ಗುತ್ತದೆ. ಎಷ್ಟೋ ಕೂಸುಗಳಲ್ಲಿ ಮೂಳೆ, ಕೀಲು ಎರಡೂ ಕೆಟ್ಟಿರುತ್ತವೆ, ಒಂದಕ್ಕಿಂತ ಹೆಚ್ಚು ಕೀಲುಗಳೂ ಇರಬಹುದು. ಎನ್‌ಐಸಿಯುನಿಂದ ಬಂದ ಕೂಸಾದರೆ ಕ್ಲೆಬ್ಸಿಯೆಲ್ಲಾದಂಥ ಹಟಮಾರಿ ರೋಗಾಣುಗಳ ಅನುಮಾನ ಇರುತ್ತದೆ. ಅವಕ್ಕೆ ಬಾಯಿಯ ಔಷಧಿ ಹಲವು ಸಲ ಕೆಲಸ ಮಾಡುವುದಿಲ್ಲ. ಅಷ್ಟು ಚಿಕ್ಕ ಹೊಟ್ಟೆ ಔಷಧಿಯನ್ನು ಎಷ್ಟು ಹೀರಿಕೊಳ್ಳುತ್ತದೆ ಅನ್ನುವ ಭರವಸೆಯೂ ಇಲ್ಲ. ಅದಕ್ಕೇ ಅವರಿಗೆ 4ರಿಂದ 6 ವಾರ ರಕ್ತನಾಳದಲ್ಲೇ ಕೊಡುವುದು ರೂಢಿ.

ನಿಮ್ಮ ಮಗುವಿಗೆ ಎರಡು ವರ್ಷ. ರೋಗಾಣು ಸಿಕ್ಕಿದೆ, ಅದೂ ಮಾಮೂಲಿ ಔಷಧಿಗೆ ಬಗ್ಗುವ ಜಾತಿ. ಎಂಎಸ್‌ಎಸ್‌ಎ ಅಂದರೆ ಅದೇ ಅರ್ಥ. ಕೀವು ತೊಳೆದಾಗಿದೆ, ಜ್ವರ ಇಲ್ಲ, ಸಿಆರ್‌ಪಿ ಜಾರಿ ಬಂದಿದೆ. ಈ ಮಕ್ಕಳ ಮೇಲೆ ಫಿನ್ಲೆಂಡ್‌ನಲ್ಲಿ ಒಂದು ಒಳ್ಳೆಯ ಅಧ್ಯಯನ ನಡೆಯಿತು, 2009ರಲ್ಲಿ ಪ್ರಕಟವಾಯಿತು. 3 ತಿಂಗಳಿಂದ 15 ವರ್ಷದ 130 ಮಕ್ಕಳು. ಎಲ್ಲರಿಗೂ ರಕ್ತನಾಳದಲ್ಲಿ ಔಷಧಿ ಮೊದಲ 2ರಿಂದ 4 ದಿನ ಮಾತ್ರ. ಆಮೇಲೆ ಬಾಯಿಗೆ, ದೊಡ್ಡ ಡೋಸ್. ಅರ್ಧ ಜನಕ್ಕೆ ಒಟ್ಟು 10 ದಿನ, ಉಳಿದರ್ಧಕ್ಕೆ 30 ದಿನ. ಗುಣವಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಂತ ನಾನು ಇಲ್ಲಿ 10 ದಿನಕ್ಕೆ ನಿಲ್ಲಿಸುವುದಿಲ್ಲ. ಅಲ್ಲಿ ಮಕ್ಕಳು ಬೇಗ ಆಸ್ಪತ್ರೆಗೆ ಬಂದಿದ್ದರು, ಮಾಮೂಲಿ ಔಷಧಿಗೆ ಬಗ್ಗದ ಎಂಆರ್‌ಎಸ್‌ಎ ಜಾತಿಯ ಕಾಟ ಇರಲಿಲ್ಲ. ನಮ್ಮಲ್ಲಿ ಎರಡೂ ಹಾಗಿಲ್ಲ. ಸೊಂಟದ ಕೀಲಾದರೆ ಒಟ್ಟು ಮೂರು ವಾರದ ಹತ್ತಿರ ಕೊಡುತ್ತೇನೆ, ಮೂಳೆಗೂ ಹರಡಿದ್ದರೆ ಇನ್ನೂ ಜಾಸ್ತಿ. ಆದರೆ ಡ್ರಿಪ್‌ನಿಂದ ಬಾಯಿಗೆ ಬೇಗ ಬದಲಾಯಿಸಲು ನನಗೆ ಅಂಜಿಕೆ ಇಲ್ಲ. ನಿಮ್ಮ ಡಾಕ್ಟರ್ ಮಾಡುತ್ತಿರುವುದು ಯೋಚಿಸಿ ಮಾಡಿದ ಸರಿಯಾದ ಕೆಲಸ. ಆದರೂ ಮಗುವನ್ನು ಕಣ್ಣಾರೆ ನೋಡಿದವರು ಅವರು. ನನ್ನದು ಬರೀ ಮೂರು ರಿಪೋರ್ಟ್ ಓದಿದವನ ಮಾತು.

ಬಾಯಿಯ ಔಷಧಿ ಮನೆಯಲ್ಲಿ ನಡೆಯುವ ರೀತಿ ಬಗ್ಗೆ ಮಾತ್ರ ನನಗೆ ಚಿಂತೆ. ಇದರ ಡೋಸ್ ಗಂಟಲುನೋವಿನ ಡೋಸ್‌ಗಿಂತ ದೊಡ್ಡದು. ಮೆಡಿಕಲ್ ಶಾಪಿನವರು ಚೀಟಿ ನೋಡಿ, ಇಷ್ಟು ಚಿಕ್ಕ ಮಗುವಿಗೆ ಇಷ್ಟೊಂದಾ ಅಂದರೆ ಅವರ ಮಾತಿಗೆ ಕಡಿಮೆ ಮಾಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ದಿನಕ್ಕೆ ಮೂರು ಸಲವೋ ನಾಲ್ಕು ಸಲವೋ ಕೊಡಬೇಕಾಗಬಹುದು. ರಾತ್ರಿಯದ್ದು ತಪ್ಪಬಾರದು.

ಫ್ರಿಜ್ ಇಲ್ಲದ ಮನೆ, ಮೊಳಕಾಲ್ಮೂರು

ಸರ್, ಪುಡಿಗೆ ನೀರು ಬೆರೆಸುವ ಸಿರಪ್ ಅಲ್ವಾ? ನಮ್ಮ ಕಡೆ ಏಪ್ರಿಲ್ ಬಿಸಿಲಲ್ಲಿ ಫ್ರಿಜ್ ಇಲ್ಲದೆ ಅದು ಉಳಿಯುತ್ತಾ?

ಕೋಟೆ ಊರಿನ ಮೂಳೆ ಡಾಕ್ಟರ್

ಉಳಿಯುವುದು ಕಷ್ಟ. ಡಿಸ್ಚಾರ್ಜ್ ಮಾಡುವಾಗಲೇ ಮನೆಯಲ್ಲಿ ಫ್ರಿಜ್ ಇಲ್ಲ ಅಂತ ಹೇಳಿ. ನೀರಿನಲ್ಲಿ ಕರಗುವ ಡಿಟಿ ಮಾತ್ರೆ ಬರೆದುಕೊಡಲು ಆಗುತ್ತದೆ. ಸಿರಪ್ಪೇ ಆದರೆ ಕಾಯಿಸಿ ಆರಿಸಿದ ನೀರು, ಬಾಟಲಿ ಮೇಲಿನ ಗೆರೆಯ ತನಕ. ಚಮಚ ಬೇಡ, ಸೂಜಿ ತೆಗೆದ ಸಿರಿಂಜ್‌ನಲ್ಲಿ ಅಳೆಯಿರಿ. ಬೆರೆಸಿದ ಮೇಲೆ ಎಷ್ಟು ದಿನ ಬಾಳುತ್ತದೆ ಅಂತ ಲೇಬಲ್ ಮೇಲೆ ಇರುತ್ತದೆ. ಅದು ಮುಗಿದರೆ ಹೊಸ ಬಾಟಲಿ.

ಜಗಳೂರು ಚಿಕ್ಕಮ್ಮ

ಸರ್, ಇದನ್ನು ಭಾವನವರಿಗೆ ಓದಿ ಹೇಳಿದೆ. ಸುಮ್ಮನಾಗಿದ್ದಾರೆ 😀 ಅಕ್ಕನ ಮನೆಯಲ್ಲೂ ಫ್ರಿಜ್ ಇಲ್ಲ, ನಾಳೆ ರೌಂಡ್ಸ್‌ನಲ್ಲಿ ಹೇಳುತ್ತಾಳೆ.

ಊರು ಬಿಟ್ಟವನು

ಇಷ್ಟೆಲ್ಲ ಯಾಕೆ, ಸೀದಾ ಬೆಂಗಳೂರಿಗೆ ಕರೆದುಕೊಂಡು ಹೋಗಿ. ಮಗುವಿನ ಜೀವನದ ಪ್ರಶ್ನೆ.

ಮಕ್ಕಳ ವಾರ್ಡ್ ಸಿಸ್ಟರ್

ಅಣ್ಣ, ಕೀವು ತುಂಬಿದ ಕೀಲು ಇಟ್ಟುಕೊಂಡು ಇಷ್ಟು ದೂರ ಹೊರಟರೆ ದಾರಿಯಲ್ಲೇ ಅರ್ಧ ದಿನ ಹೋಗುತ್ತದೆ. ಇಲ್ಲಿ ಮೆಡಿಕಲ್ ಕಾಲೇಜು ಇವೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ. ಚಿತ್ರದುರ್ಗದವರಿಗೂ ಹೈವೇಯಲ್ಲಿ ದಾವಣಗೆರೆ ಸುಮಾರು 60 ಕಿಲೋಮೀಟರ್. ಮೊದಲು ಕೀವು ತೆಗೆಸಬೇಕು. ಆಮೇಲೆ ಬೇಕಾದರೆ ಇನ್ನೊಬ್ಬರ ಅಭಿಪ್ರಾಯಕ್ಕೆ ಎಲ್ಲಿಗಾದರೂ ಹೋಗಲಿ.

ಕಾರ್ಡ್ ಬಗ್ಗೆ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ, ತುರ್ತು ಕೇಸಿಗೆ ಬೇಕಿಲ್ಲ. ಇದು ತುರ್ತು ಕೇಸು. ಚೀಟಿಗಾಗಿ ಅಲೆಯಬೇಡಿ, 108ಕ್ಕೆ ಫೋನ್ ಮಾಡಿ.

ಕುರಿಹಟ್ಟಿ, ಹಿರಿಯೂರು ತಾಲ್ಲೂಕು

ನಮ್ಮ ಕೇಸು ಬೇರೆ ರೀತಿ. ತಂಗಿಯ ಮಗ, ನಾಲ್ಕು ವರ್ಷ. ಜ್ವರ ಬರುತ್ತಿತ್ತು, ಬಿಡುತ್ತಿತ್ತು. ರಾತ್ರಿ ಬೆವರು. ಆಮೇಲೆ ಮಂಡಿ ಊದಿತು. ಮೈ ಸುಡುವ ಜ್ವರ ಅಲ್ಲ, ಕುಂಟಿಕೊಂಡೇ ಓಡಾಡುತ್ತಿದ್ದ. ಕೊನೆಗೆ ಒಬ್ಬ ಡಾಕ್ಟರ್, ಮನೆಯಲ್ಲಿ ಕುರಿ ಇವೆಯಾ ಅಂತ ಕೇಳಿದರು. ಕಂದು ಹಾಕಿದ ಕುರಿ ಇತ್ತಾ, ಹಸಿ ಹಾಲು ಕುಡಿಯುತ್ತಾನಾ ಅಂದರು. ಎರಡಕ್ಕೂ ಹೌದು. ರಕ್ತ ಪರೀಕ್ಷೆಯಲ್ಲಿ ಕುರಿಯಿಂದ ಅಂಟುವ ಬ್ರುಸೆಲ್ಲಾ ಅನ್ನುವ ರೋಗಾಣು ಬಂತು. ಆರು ವಾರ ಎರಡು ಔಷಧಿ. ಈಗ ಆರಾಮಾಗಿದ್ದಾನೆ.

ಕೋಟೆ ಊರಿನ ಮೂಳೆ ಡಾಕ್ಟರ್

ಇದನ್ನು ಬರೆದಿದ್ದು ತುಂಬಾ ಒಳ್ಳೆಯದಾಯಿತು. ಚಳ್ಳಕೆರೆ, ಹಿರಿಯೂರು, ಜಗಳೂರು ಎಲ್ಲ ಕುರಿ ಸಾಕುವ ಸೀಮೆ. ಇಲ್ಲಿ ಕೀಲು ಊದಿದ ಮಗುವಿಗೆ ಈ ಪ್ರಶ್ನೆ ಕೇಳದೆ ಬಿಡಬಾರದು. ಕೇಳದಿದ್ದರೆ ಮನೆಯವರೇ ಹೇಳಿ. ಮಾಮೂಲಿ ಕೀವಿನ ಔಷಧಿಗೆ ಇದು ಬಗ್ಗುವುದಿಲ್ಲ. ಎಂಟು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಕೋಟ್ರೈಮಾಕ್ಸಜೋಲ್ ಮತ್ತು ರಿಫಾಂಪಿಸಿನ್ ಜೊತೆಯಾಗಿ, ಕಡಿಮೆ ಅಂದರೂ ಆರು ವಾರ. ಮಧ್ಯೆ ಬಿಟ್ಟರೆ ಮರುಕಳಿಸುತ್ತದೆ. ಹಾಲು ಕಾಯಿಸಿದರೆ ರೋಗಾಣು ಸಾಯುತ್ತದೆ. ಕಂದು ಹಾಕಿದ ಮರಿ, ಮಾಸು ಮಕ್ಕಳ ಕೈಗೆ ಸಿಗಬಾರದು.

ವಾರಗಟ್ಟಲೆ ನಿಧಾನವಾಗಿ ಊದುತ್ತಾ ಬಂದ ಕೀಲು, ಮಗು ಸೊರಗುತ್ತಿದೆ, ಮನೆಯಲ್ಲಿ ಯಾರಿಗೋ ಉದ್ದಕಾಲದ ಕೆಮ್ಮು. ಹಾಗಿದ್ದರೆ ಟಿಬಿ ಕೂಡ ನೋಡಬೇಕು.

ಲ್ಯಾಬ್ ಹುಡುಗ, ದಾವಣಗೆರೆ

ಬ್ರುಸೆಲ್ಲಾ ಅನುಮಾನ ಇದ್ದರೆ ಸ್ಯಾಂಪಲ್ ಜೊತೆಗೆ ಬರೆದು ಕಳಿಸಿ ಸರ್. ಕಲ್ಚರ್ ಮಾಡುವ ನಮಗೂ ಅಂಟುತ್ತದೆ.

ಹರಿಹರದ ಅಜ್ಜ

ಡಾಕ್ಟರೇ, ನಿಮ್ಮ ಮಾತು ಒಪ್ಪಿದೆ. ನಮ್ಮ ಬೀದಿಯಲ್ಲೇ ಒಬ್ಬ ಇದ್ದ, ಒಂದು ಕಾಲು ಗಿಡ್ಡ. ಚಿಕ್ಕಂದಿನಲ್ಲಿ ಜ್ವರ ಬಂದು ಕಾಲು ಹೋಯಿತು ಅನ್ನುತ್ತಿದ್ದರು. ಪೋಲಿಯೋ ಅಂದುಕೊಂಡಿದ್ದೆ. ಆದರೆ ಒಂದು ಕೇಳುತ್ತೇನೆ. ಆಪರೇಷನ್ ಆದ ಮೇಲೆ ಎಣ್ಣೆ ನೀವಬಹುದಾ?

ಫಿಸಿಯೋ ಮೇಡಂ, ದಾವಣಗೆರೆ

ಅಜ್ಜಾರೇ, ಗಾಯ ಒಣಗಿ ಡಾಕ್ಟರ್ ಒಪ್ಪಿದ ಮೇಲೆ ಮೈಗೆ ಹಚ್ಚಿ ಸ್ನಾನ ಮಾಡಿಸಿ, ತೊಂದರೆ ಇಲ್ಲ. ಕಾಲು ಹಿಡಿದು ಎಳೆಯುವುದು, ಲಟಿಕೆ ತೆಗೆಯುವುದು ಮಾತ್ರ ಬೇಡವೇ ಬೇಡ. ಸೋಂಕಾದ ಸೊಂಟದ ಕೀಲು ಸಡಿಲ ಇರುತ್ತದೆ, ಜಾರಬಹುದು. ಕೆಲವು ಮಕ್ಕಳಿಗೆ ಅದಕ್ಕೇ ಎರಡು ಕಾಲು ಅಗಲಿಸಿ ಪ್ಲಾಸ್ಟರ್ ಅಥವಾ ಬೆಲ್ಟ್ ಹಾಕಿರುತ್ತಾರೆ. ಮಗುವಿಗೆ ಹಿಂಸೆ ಅಂತ ಮನೆಯಲ್ಲಿ ಬಿಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಬಿಚ್ಚಬೇಡಿ. ಮಗುವನ್ನು ಸೊಂಟದ ಮೇಲೆ ಕಾಲು ಅಗಲಿಸಿ ಎತ್ತಿಕೊಳ್ಳುವುದು ಒಳ್ಳೆಯದು, ನಮ್ಮ ಹೆಂಗಸರಿಗೆ ಅದು ಕಲಿಸಬೇಕಾಗಿಲ್ಲ. ಕಾಲು ಜೋಡಿಸಿ ಬಿಗಿಯಾಗಿ ಬಟ್ಟೆ ಸುತ್ತುವುದು ಬೇಡ. ಅಷ್ಟು ಬಿಟ್ಟರೆ ಎರಡು ವರ್ಷದ ಮಗುವಿಗೆ ವ್ಯಾಯಾಮ ಕಲಿಸುವ ಕೆಲಸ ಜಾಸ್ತಿ ಇರುವುದಿಲ್ಲ. ನೋವು ಹೋದ ಮೇಲೆ ಅದೇ ಎದ್ದು ನಡೆಯುತ್ತದೆ.

ಜಗಳೂರು ಚಿಕ್ಕಮ್ಮ

ಡಿಸ್ಚಾರ್ಜ್ ಆಯಿತು. ಡಿಟಿ ಮಾತ್ರೆಯೇ ಕೊಟ್ಟಿದ್ದಾರೆ. ಬೆಲ್ಟ್ ಹಾಕಿದ್ದಾರೆ. ಮುಂದಿನ ವಾರ ರಕ್ತ ಪರೀಕ್ಷೆ, ಆಮೇಲೆ ಎಕ್ಸ್‌ರೇ ಅಂತ ಬರೆದಿದ್ದಾರೆ. ಎಲ್ಲಿಯ ತನಕ ತೋರಿಸುತ್ತಾ ಇರಬೇಕು ಸರ್? ಓಡಾಡಲು ಶುರು ಮಾಡಿದರೆ ಸಾಕಾ?

ಕೋಟೆ ಊರಿನ ಮೂಳೆ ಡಾಕ್ಟರ್

ಸಾಲದು. ಮೂಳೆಯ ತಲೆಗೆ ರಕ್ತ ತಪ್ಪಿದ್ದರೆ ಅದು ಎಕ್ಸ್‌ರೇಯಲ್ಲಿ ತಿಂಗಳುಗಳ ಮೇಲೆ ಕಾಣಬಹುದು. ಬೆಳವಣಿಗೆ ಪಟ್ಟಿಗೆ ಏಟು ಬಿದ್ದಿದ್ದರೆ ಇನ್ನೂ ತಡವಾಗಿ. ಮೊದಲ ವರ್ಷ ಡಾಕ್ಟರ್ ಹೇಳಿದಾಗಲೆಲ್ಲ ತಪ್ಪದೆ ಹೋಗಿ, ಆಮೇಲೆ ವರ್ಷಕ್ಕೊಮ್ಮೆ. ಸೊಂಟದ ಕೀಲಾದ್ದರಿಂದ ಮಗು ಬೆಳೆದು ಮುಗಿಯುವ ತನಕ ಕಣ್ಣಿಟ್ಟಿರುವುದು ವಾಸಿ. ಈ ನಡುವೆ ಮತ್ತೆ ಜ್ವರ ಬಂದರೆ, ಗಾಯ ಒಸರಿದರೆ, ಕಾಲು ಆಡಿಸುವುದು ಕಡಿಮೆಯಾದರೆ ತಾರೀಖು ಕಾಯಬೇಡಿ.

ಡಿಸ್ಚಾರ್ಜ್ ಚೀಟಿಯಲ್ಲಿ ರೋಗಾಣುವಿನ ಹೆಸರು, ಕೊಟ್ಟ ಔಷಧಿ, ಆಪರೇಷನ್ ತಾರೀಖು ಮೂರೂ ಇವೆಯಾ ನೋಡಿ. ಇಲ್ಲದಿದ್ದರೆ ಮುಂದಿನ ವಾರ ಬರೆಸಿಕೊಳ್ಳಿ. ಎಕ್ಸ್‌ರೇ ಫಿಲ್ಮ್‌ಗಳನ್ನು ಟ್ರಂಕ್ ಅಡಿಯಲ್ಲಿ ಮಡಚಿ ಇಡಬೇಡಿ, ಬಿಸಿಲು ತಾಗದಂತೆ ಇಡಿ. ಪ್ರತಿ ಸಲ ಹಳೆಯದನ್ನೂ ತನ್ನಿ, ಹೊಸದರ ಪಕ್ಕ ಇಟ್ಟು ನೋಡಿದರೇ ವ್ಯತ್ಯಾಸ ಗೊತ್ತಾಗುವುದು.

ಚಳ್ಳಕೆರೆ ಅಮ್ಮ

ಮೊಬೈಲ್‌ನಲ್ಲಿ ಫೋಟೋ ತೆಗೆದೂ ಇಟ್ಟುಕೊಳ್ಳಿ ತಂಗಿ. ಪಕ್ಕದ ಬೆಡ್ ಕೂಸು ಹೇಗಿದೆ?

ಜಗಳೂರು ಚಿಕ್ಕಮ್ಮ

ಇನ್ನೂ ವಾರ್ಡ್‌ನಲ್ಲೇ ಇದೆ ಅಕ್ಕ. ಕಾಲು ಸ್ವಲ್ಪ ಒದೆಯುತ್ತಿದೆಯಂತೆ. ಅದರ ತಾಯಿಗೆ ಈ ಚರ್ಚೆ ಕಳಿಸಿದ್ದೇನೆ. ಚಪ್ಪಲಿಗೆ ಪದರ ಎಲ್ಲಿ ಹಾಕಿಸಿದಿರಿ ಅಂತ ನಿಮ್ಮನ್ನೇ ಕೇಳಬೇಕಂತೆ.